ಅರವತ್ತಕ್ಕೆ ಶಾಂತಿ, ಐವತ್ತೇಳಕ್ಕೆ ಏನೂ ಇಲ್ಲ

2025ರ ಶ್ರಾವಣದಲ್ಲಿ ದಾವಣಗೆರೆಯ ನಮ್ಮ ಮನೆಯಲ್ಲಿ ಅಪ್ಪನ ಷಷ್ಟ್ಯಬ್ದಿ ಶಾಂತಿ ನಡೆಯಿತು. ದಿನ ಗೊತ್ತುಮಾಡುವಾಗ ಒಂದು ಸಣ್ಣ ಜಗಳವೂ ಆಯಿತು. ಆಧಾರ್ ಕಾರ್ಡಿನಲ್ಲಿರುವ ದಿನಾಂಕ ಭಾನುವಾರ ಬಂದಿದೆ, ಅಂದೇ ಮಾಡಿದರೆ ಎಲ್ಲರಿಗೂ ಅನುಕೂಲ ಎಂದು ತಮ್ಮ ವಾದಿಸಿದರೆ, ಹುಟ್ಟಿದ ತಿಥಿ ಮೂರು ದಿನ ಮೊದಲೇ ಬರುತ್ತದೆ, ಅದನ್ನು ಬಿಟ್ಟು ಮಾಡಿದರೆ ಅದು ಶಾಂತಿಯಲ್ಲ, ಬರೀ ಊಟ ಎಂದು ಸೋದರತ್ತೆ ಹಟ ಹಿಡಿದರು. ಅಪ್ಪ ಹುಟ್ಟಿದ್ದು 1965ರಲ್ಲಿ, ವಿಶ್ವಾವಸು ಸಂವತ್ಸರದಲ್ಲಿ. ಅದೇ ಸಂವತ್ಸರ 2025ರ ಯುಗಾದಿಗೆ ಮರಳಿ ಬಂದಿತ್ತು. ಅತ್ತೆ ಅದನ್ನು ತೋರಿಸಲು ಪಂಚಾಂಗ ತೆಗೆಯಲಿಲ್ಲ. ಬಲಗೈ ಹೆಬ್ಬೆರಳನ್ನು ಕಿರುಬೆರಳಿನ ಬುಡದ ಗೆರೆಯ ಮೇಲಿಟ್ಟು ಎಣಿಸುತ್ತಾ ಹೋದರು. ನಾಲ್ಕು ಬೆರಳು, ಬೆರಳಿಗೆ ಮೂರು ಗೆರೆ, ಸುತ್ತಿಗೆ ಹನ್ನೆರಡು. ಒಂದು ಸುತ್ತು ಮುಗಿದಾಗಲೆಲ್ಲ ಎಡಗೈಯ ಒಂದು ಬೆರಳನ್ನು ಮಡಚಿದರು. ಎಡಗೈ ಪೂರ್ತಿ ಮುಷ್ಟಿಯಾದಾಗ, "ಐದು ಸುತ್ತಿಗೆ ಅರವತ್ತಾತು ನೋಡಪ್ಪ" ಎಂದರು. ತಿಥಿಯೇ ಗೆದ್ದಿತು.

ಆ ಲೆಕ್ಕ ನನ್ನ ತಲೆಯಲ್ಲಿ ಇನ್ನೂ ಸುತ್ತುತ್ತಿದೆ. ಗುರುಗ್ರಹ ಹನ್ನೆರಡು ರಾಶಿಗಳನ್ನು ಸುತ್ತಿಬರಲು ಸುಮಾರು ಹನ್ನೆರಡು ವರ್ಷ ಬೇಕು, ಶನಿಗೆ ಸುಮಾರು ಮೂವತ್ತು. ಗುರು ಐದು ಸುತ್ತು ಮುಗಿಸುವಷ್ಟರಲ್ಲಿ ಶನಿ ಎರಡು ಸುತ್ತು ಮುಗಿಸಿರುತ್ತದೆ. ಆಗ ಎರಡೂ ಹೆಚ್ಚುಕಡಿಮೆ ಮೊದಲಿದ್ದ ಜಾಗದಲ್ಲೇ ಇರುತ್ತವೆ. ಅಂದರೆ ಅರವತ್ತಕ್ಕೆ ಆಕಾಶದಲ್ಲಿ ಒಂದು ಕಾರಣವಿದೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 2006ರ ನಂತರ 2018ರಲ್ಲಿ ನಡೆದದ್ದೂ ಹನ್ನೆರಡರ ಲೆಕ್ಕದಲ್ಲಿಯೇ. ಇಪ್ಪತ್ತೈದು, ಐವತ್ತು, ಎಪ್ಪತ್ತೈದು, ನೂರು ಎಂಬ ನಮ್ಮ ಸಾರ್ವಜನಿಕ ಹಬ್ಬಗಳಿಗಾದರೋ ಆಕಾಶದಲ್ಲಿ ಯಾವ ಗುರುತೂ ಇಲ್ಲ. ಎರಡು ಕೈಗೆ ಹತ್ತು ಬೆರಳು, ಹತ್ತು ಹತ್ತಲಿ ನೂರು, ನೂರರಲ್ಲಿ ಕಾಲು, ಅರ್ಧ, ಮುಕ್ಕಾಲು. ಅಷ್ಟೇ.

2022ನೇ ಇಸವಿಯನ್ನೇ ನೋಡಿ. ಸ್ವಾತಂತ್ರ್ಯಕ್ಕೆ ಎಪ್ಪತ್ತೈದು ತುಂಬಿ ಎಲ್ಲೆಲ್ಲೂ ಅಮೃತ ಮಹೋತ್ಸವ. 1997ರ ಆಗಸ್ಟ್ 15ರಂದು ಚಿತ್ರದುರ್ಗದಿಂದ ಬೇರೆಯಾದ ದಾವಣಗೆರೆ ಜಿಲ್ಲೆಗೆ ಅದೇ ದಿನ ಇಪ್ಪತ್ತೈದು. ಆದರೆ ಆ ವರ್ಷ ನಮ್ಮ ಸೀಮೆಯ ಜನ ಯಾರೂ ಕರೆಯದೆ ತಾವಾಗಿಯೇ ಗುಂಪುಗೂಡಿ ಹೋದದ್ದು ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರಕ್ಕೆ. 1907ರಲ್ಲಿ ಕಟ್ಟಿ ಮುಗಿಸಿದ ಆ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ 130 ಅಡಿ ತುಂಬಿ ಹರಿದದ್ದು 2022ರಲ್ಲಿಯೇ. ಎಂಬತ್ತೊಂಬತ್ತು ವರ್ಷ! ಯಾವ ಸಮಿತಿಯೂ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಲು ಒಪ್ಪದ ಸಂಖ್ಯೆ. ಕೋಡಿಯ ನೀರಿಗೆ ಸೊನ್ನೆಯ ಹಂಗಿಲ್ಲ. ಮುಂದಿನ ಸಲಕ್ಕೆ ಅದು ಮೂರು ವರ್ಷವನ್ನೂ ಕಾಯಲಿಲ್ಲ. 2025ರ ಜನವರಿಯಲ್ಲಿಯೇ ಮತ್ತೆ ಹರಿಯಿತು.

ಅತ್ತೆಯ ಗೆರೆಗಳಂತೆ ನಾವೂ ಹನ್ನೆರಡರ ಗುಂಪುಗಳಲ್ಲಿ ಅಂಕಿ ಬರೆಯುವವರಾಗಿದ್ದರೆ, ಐದು ಡಜನ್ ಎಂಬ ಅರವತ್ತನ್ನು ಐದರ ಮುಂದೆ ಸೊನ್ನೆಯಿಟ್ಟು ಬರೆಯುತ್ತಿದ್ದೆವು. ಷಷ್ಟ್ಯಬ್ದಿಯೇ ಸುವರ್ಣ ಮಹೋತ್ಸವವಾಗುತ್ತಿತ್ತು. ಒಂದರ ಮುಂದೆ ಎರಡು ಸೊನ್ನೆ ಬೀಳಲು 144 ವರ್ಷ ಬೇಕಾಗುತ್ತಿದ್ದುದರಿಂದ ಮಾರಿಕಣಿವೆಯ ಶತಮಾನೋತ್ಸವ 2007ರಲ್ಲಿ ಅಲ್ಲ, 2051ರಲ್ಲಿ ಬರುತ್ತಿತ್ತು. ಇಪ್ಪತ್ತೈದನೆಯ ವರ್ಷವನ್ನಂತೂ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಇಷ್ಟೊಂದು ಸೊನ್ನೆಯನ್ನು ಪೂಜಿಸುವ ನಾವೇ ಮುಯ್ಯಿ ಹಾಕುವಾಗ ಸೊನ್ನೆಗೆ ಹೆದರುತ್ತೇವೆ ಎಂಬುದು ಬೇರೆ ತಮಾಷೆ. ಶಾಂತಿಯ ದಿನ ಮುಯ್ಯಿ ಬರೆಯಲು ಕುಳಿತವನು ನಾನೇ. ನೋಟುಪುಸ್ತಕದ ಪುಟಗಳ ತುಂಬ 101, 201, 501. ಐನೂರರ ಒಂದೇ ನೋಟು ಕೊಟ್ಟ ಬಂಧುವೊಬ್ಬರು ಬಾಗಿಲವರೆಗೆ ಹೋದವರು ಹಿಂದಿರುಗಿ ಬಂದು, ಜೇಬು ತಡಕಿ, ಒಂದು ರೂಪಾಯಿಯ ನಾಣ್ಯ ಇಟ್ಟು ಹೋದರು.

ಆದರೆ ನನಗೆ ನಿಜವಾಗಿಯೂ ಹಬ್ಬಕ್ಕೆ ಯೋಗ್ಯ ಎನಿಸುವ ಸಂಖ್ಯೆ ಹತ್ತೊಂಬತ್ತು. ಹತ್ತೊಂಬತ್ತು ಸೌರವರ್ಷಗಳೂ 235 ಚಾಂದ್ರಮಾಸಗಳೂ ಬಹುತೇಕ ಸಮ. ಆದ್ದರಿಂದ ಪ್ರತಿ ಹತ್ತೊಂಬತ್ತು ವರ್ಷಕ್ಕೊಮ್ಮೆ ಹುಟ್ಟಿದ ದಿನಾಂಕ ಮತ್ತು ಹುಟ್ಟಿದ ತಿಥಿ ಒಂದೇ ದಿನ, ತಪ್ಪಿದರೆ ಒಂದು ದಿನದ ಆಚೀಚೆ, ಕೂಡಿ ಬರುತ್ತವೆ. ಹತ್ತೊಂಬತ್ತು, ಮೂವತ್ತೆಂಟು, ಐವತ್ತೇಳು. ಅಪ್ಪನಿಗೆ ಐವತ್ತೇಳು ತುಂಬಿದ್ದು 2022ರಲ್ಲಿ. ಆಗ ತಮ್ಮನಿಗೂ ಅತ್ತೆಗೂ ಜಗಳವಾಡಲು ಕಾರಣವೇ ಇರಲಿಲ್ಲ, ಆದರೆ ಆ ವರ್ಷ ನಾವು ಮನೆಯಲ್ಲಿ ಒಂದು ಪಾಯಸವನ್ನೂ ಮಾಡಲಿಲ್ಲ.

ಮುಂದಿನದು ಎಪ್ಪತ್ತಾರು, 2041ರಲ್ಲಿ. ತಮ್ಮ ಈಗಲೇ 2040ರ ಅಮೃತ ಮಹೋತ್ಸವದ ಮಾತಾಡುತ್ತಿದ್ದಾನೆ. ಒಂದು ವರ್ಷ ತಡೆಯೋಣ, ಆಗ ತಿಥಿಯೂ ತಾರೀಖೂ ಒಂದೇ ಆಗುತ್ತದೆ ಎಂದು ಅತ್ತೆಗೆ ಹೇಳಿದೆ. ಅವರು ನನ್ನ ಮಾತನ್ನು ಹಾಗೆಯೇ ನಂಬುವವರಲ್ಲ. ಹೆಬ್ಬೆರಳನ್ನು ಮತ್ತೆ ಕಿರುಬೆರಳಿನ ಬುಡಕ್ಕೆ ತಂದರು.