"ಯುದ್ಧದಲ್ಲಿ ಸತ್ತದ್ದಲ್ಲವಲ್ಲ?" ಎಂದು ಕೇಳುವವರಿಗೆ

ನಿವೃತ್ತ ಸೈನಿಕರು ತೀರಿಕೊಂಡರೆ ನಾವು ಕೆಲವರು ಅವರ ಮನೆಗೆ ಹೋಗುತ್ತೇವೆ. ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಸುದ್ದಿ ಎಲ್ಲಿಂದ ಬಂದರೂ ಸರಿ. ಮಾಜಿ ಸೈನಿಕರು ಪದಕ ಹಾಕಿಕೊಂಡು ಸಾಲಾಗಿ ನಿಂತು ಪುಷ್ಪಚಕ್ರ ಇಡುತ್ತಾರೆ, ಸೆಲ್ಯೂಟ್ ಹೊಡೆಯುತ್ತಾರೆ. ಸೇನೆಯಲ್ಲಿ ಇರದ ನನ್ನಂಥವರು ಹೂವು ತರುತ್ತೇವೆ, ಗಾಡಿ ಓಡಿಸುತ್ತೇವೆ. ಮಸೀದಿಯಲ್ಲಿ ದಫನ ಇದ್ದರೆ ಜಾಸ್ತಿ ಸಮಯ ಸಿಗುವುದಿಲ್ಲ, ಓಡಬೇಕು.

ಎಲ್ಲ ಕಡೆ ಕೇಳುವ ಪ್ರಶ್ನೆ ಒಂದೇ. "ಅಲ್ಲ ಮಾರಾಯ, ಅವರು ಯುದ್ಧದಲ್ಲಿ ಸತ್ತದ್ದಲ್ಲವಲ್ಲ? ಸಕ್ಕರೆ ಕಾಯಿಲೆಯಲ್ಲಿ ಹೋದವರಿಗೆ ಇದೆಲ್ಲ ಯಾಕೆ?"

ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಈ ಬರಹವನ್ನೇ ಕಳಿಸುತ್ತೇನೆ.

ಪೆರ್ಲದ ಕಡೆಯ ಒಂದು ಮನೆಯಲ್ಲಿ ಈ ಪ್ರಶ್ನೆ ಅಂಗಳದಲ್ಲೇ ಬಂತು. ಶವ ಅಲ್ಲೇ ಇತ್ತು. ಕಿಟಕಿಯ ಒಳಗೆ ಹೆಂಡತಿ ಕೂತಿದ್ದರು. ಅವರಿಗೆ ಕೇಳಿಸಿತು. ತೀರಿಕೊಂಡವರು ಸೇನೆಯಲ್ಲಿ ಲಾರಿ ಡ್ರೈವರ್ ಆಗಿದ್ದವರು. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಜೋಜಿ ಲಾ ಘಾಟಿ ಇದೆ. 11,500 ಅಡಿಗಿಂತ ಎತ್ತರ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತದೆ. ಅಷ್ಟರೊಳಗೆ ಮೇಲಿರುವ ಜವಾನರಿಗೆ ತಿಂಗಳುಗಟ್ಟಲೆ ಬೇಕಾದ ಅಕ್ಕಿ, ಬೇಳೆ, ಸೀಮೆಎಣ್ಣೆ ಏರಿಸಿಟ್ಟಿರಬೇಕು. ಇವರು ಆ ದಾರಿಯಲ್ಲಿ ಲಾರಿ ಓಡಿಸಿದವರು. ಗುಂಡು ಹಾರಿಸಿಲ್ಲ, ನಿಜ. ಅನ್ನ ಮುಟ್ಟದಿದ್ದರೆ ಗುಂಡು ಹಾರಿಸುವವನು ಅಲ್ಲಿ ನಿಲ್ಲುತ್ತಿದ್ದನಾ? ಊರಿಗೆ ಬಂದ ಮೇಲೆ ಬ್ಯಾಂಕಿನ ಬಾಗಿಲಲ್ಲಿ ಕಾವಲು ನಿಂತರು. ಹಾಗಾಗಿ ಊರಿನವರಿಗೆ ಅವರು ಬರೀ ವಾಚ್‌ಮನ್.

ಅಮೆರಿಕದಲ್ಲಿ 2000ನೇ ಇಸವಿಯಿಂದ ಒಂದು ಕಾನೂನು ಇದೆ. ಗೌರವದಿಂದ ಸೇವೆ ಮುಗಿಸಿದ ಸೈನಿಕ ತೀರಿಕೊಂಡು ಮನೆಯವರು ಕೇಳಿದರೆ, ಕಡಿಮೆ ಎಂದರೂ ಇಬ್ಬರು ಸಮವಸ್ತ್ರದವರು ಬಂದು ಧ್ವಜ ಮಡಚಿ ಮನೆಯವರ ಕೈಗೆ ಕೊಡಬೇಕು. ಸತ್ತದ್ದು ಯುದ್ಧದಲ್ಲಾ, ಹಾಸಿಗೆಯಲ್ಲಾ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ.

ನಮ್ಮಲ್ಲಿ ಬೇರೆ. ಸರ್ಕಾರಿ ಗೌರವದ, ಸೇನೆ ಮತ್ತು ಅರೆಸೇನಾ ಪಡೆಗಳ ಅಂತ್ಯಕ್ರಿಯೆ ಬಿಟ್ಟು ಉಳಿದಲ್ಲಿ ರಾಷ್ಟ್ರಧ್ವಜ ಹೊದಿಸುವುದು 1971ರ ಕಾನೂನಿನ ಪ್ರಕಾರ ಅಪರಾಧ. ಆದ್ದರಿಂದ "ಬಾವುಟ ಇಲ್ವಾ, ತುಪಾಕಿ ಹಾರಿಸುವುದಿಲ್ವಾ" ಎಂದು ನಮ್ಮನ್ನು ಕೇಳಬೇಡಿ. ನಾವು ಸರ್ಕಾರವಲ್ಲ. ನೆರೆಕರೆಯವರು.

ನನಗೆ ಬೇಕಾದ ಪ್ರಶ್ನೆ ಬೇರೆಯೇ ಇದೆ. ಅದನ್ನು ಯಾರೂ ಕೇಳುವುದಿಲ್ಲ. "ಅವರ ಹೆಂಡತಿಗೆ ಪೆನ್ಷನ್ ಬರಲು ಶುರುವಾಯ್ತಾ?"

ಅಂತ್ಯಕ್ರಿಯೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಪೆನ್ಷನ್ ಕೆಲಸ ಹಾಗಲ್ಲ. ಸೇನೆಯ ದಾಖಲೆಯಲ್ಲಿ ಹೆಂಡತಿಯ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ. ಈಗ ಎಲ್ಲ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಆಗಬೇಕು. ಕಾಸರಗೋಡಿನ ಕನ್ನಡದವರಾದ ನಾವು 1956ರಿಂದ ಕೇರಳದಲ್ಲಿದ್ದೇವೆ, ಆದರೂ ನಮ್ಮ ಎಷ್ಟೋ ಅಜ್ಜಿಯರಿಗೆ ಮಲಯಾಳ ಓದಲು ಬರುವುದಿಲ್ಲ. ಇಂಗ್ಲಿಷಂತೂ ಇಲ್ಲವೇ ಇಲ್ಲ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಅವರ ಜೊತೆ ಹೋಗಿ, ಕಾಗದ ಓದಿ ಹೇಳಿ, ಸಹಿ ಎಲ್ಲಿ ಎಂದು ತೋರಿಸುವ ಒಬ್ಬರು ಬೇಕು.

ನಿಮ್ಮ ಹತ್ತಿರದಲ್ಲಿ ಮಾಜಿ ಸೈನಿಕರ ಮನೆ ಇದೆಯಾ? ಅವರು ಇರುವಾಗಲೇ ಹೋಗಿ. ಡಿಸ್ಚಾರ್ಜ್ ಬುಕ್ (ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಪುಸ್ತಕ) ಮತ್ತು ಪೆನ್ಷನ್ ಆದೇಶ ಎಲ್ಲಿಟ್ಟಿದ್ದಾರೆ ಎಂಬುದು ಮನೆಯವರಿಗೆ ಗೊತ್ತಾ ಎಂದು ಕೇಳಿ. ಹೆಂಡತಿಯ ಹೆಸರು ಸೇನೆಯ ದಾಖಲೆಯಲ್ಲೂ ಆಧಾರ್‌ನಲ್ಲೂ ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ಈಗಲೇ ಸರಿ ಮಾಡಿಸಿ. ಅವರ ಸಹಿ ಸಿಗುವಾಗ ಅದು ಸುಲಭ.