ಏಳನೆಯ ಎರಕ: ಅಂಟು ಬಿಟ್ಟಿತು, ಗಂಟು ಉಳಿಯಿತು

ಸ್ತನದ ಗಂಟು ಹುಡುಕುವುದನ್ನು ಕಲಿಸಲೆಂದು ಸಿಲಿಕೋನ್‌ನಿಂದ ಎರೆದು, ಒಂದು ಭಾನುವಾರ ಬೆಳಿಗ್ಗೆ ಅಚ್ಚಿನಿಂದ ಬಿಡಿಸಿದ ಏಳನೆಯ ಸ್ತನ ಮಾದರಿಯ ಮೇಲೆ ಬೆರಳಿಟ್ಟು ತೆಗೆದೆ. ಬೆರಳು ಒಣಗಿಯೇ ಬಂತು. ಇಷ್ಟು ಸಣ್ಣ ಸಂಗತಿಗೆ ಅಡುಗೆಮನೆಯಲ್ಲಿ ನಿಂತು ಚಪ್ಪಾಳೆ ತಟ್ಟಿದ ನನ್ನನ್ನು ಅತ್ತೆಯವರು ನೋಡಿದ ನೋಟವನ್ನು ಇಲ್ಲಿ ವಿವರಿಸುವುದಿಲ್ಲ. ಆದರೆ ನಾಲ್ಕು, ಐದು ಮತ್ತು ಆರನೆಯ ಎರಕಗಳು ಮೂರು ದಿನ ಕಳೆದರೂ ಹಲಸಿನ ಮೇಣದಂತೆ ಕೈಗೆ ಮೆತ್ತಿಕೊಳ್ಳುತ್ತಿದ್ದುದನ್ನು ಕಂಡವರಿಗೆ ಆ ಚಪ್ಪಾಳೆಯ ಅರ್ಥ ತಿಳಿದೀತು. ಅಚ್ಚು ತೆಗೆಯುವುದು, ಸೇರಿದಾಗ ಹೆಪ್ಪುಗಟ್ಟುವ ಸಿಲಿಕೋನ್‌ನ ಎ ಮತ್ತು ಬಿ ಎಂಬ ಎರಡು ಭಾಗಗಳನ್ನು ಸಮನಾಗಿ ಬೆರೆಸುವುದು, ಗುಳ್ಳೆ ಬಿಡಿಸುವುದು ಇವೆಲ್ಲ ಎರಕ ಹಾಕುವವರಿಗೆ ಗೊತ್ತಿರುವ ಕೆಲಸಗಳೇ ಆದ್ದರಿಂದ ಅವನ್ನು ಬಿಟ್ಟು, ಎರಡೂವರೆ ತಿಂಗಳು ನನ್ನನ್ನು ಕಾಡಿದ ಅಂಟಿನ ವಿಚಾರವನ್ನಷ್ಟೇ ಬರೆಯುತ್ತೇನೆ.

ಮೊದಲಿಗೆ, ಈ ಹುಚ್ಚು ಯಾಕೆ ಹಿಡಿಯಿತೆಂದು ಎರಡು ಮಾತು. ನಾನು ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತೆ. ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 30ರಿಂದ 65 ವರ್ಷದವರಿಗೆ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಜೊತೆಗೆ ಬಾಯಿ, ಸ್ತನ ಹಾಗೂ ಗರ್ಭಕೊರಳಿನ ಕ್ಯಾನ್ಸರ್‌ಗಳ ತಪಾಸಣೆಯೂ ಆಗಬೇಕು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬಿಸಿ ಹೆಂಗಸರನ್ನು ಕರೆತರುತ್ತಾರೆ. ಸ್ತನವನ್ನು ಕೈಯಿಂದ ಮುಟ್ಟಿ ಪರೀಕ್ಷಿಸುವ ಕೆಲಸ ಶುಶ್ರೂಷಕಿಯರದ್ದು ಮತ್ತು ಸಮುದಾಯ ಆರೋಗ್ಯ ಅಧಿಕಾರಿಗಳದ್ದು. ಗಂಟು ಸಿಕ್ಕಿದ ಮೇಲೆ ಶಿವಮೊಗ್ಗಕ್ಕೋ ಬೆಂಗಳೂರಿನ ಕಿದ್ವಾಯಿಗೋ ಹೊರಡುವ ಮೊದಲು ಎದುರಾಗುವ ಬಸ್ಸು, ರೇಷನ್ ಕಾರ್ಡು, ಮನೆಯಲ್ಲಿ ಬಿಟ್ಟುಹೋಗಬೇಕಾದ ಮಕ್ಕಳು ಎಂಬ ಬೇರೆ ಗಂಟುಗಳನ್ನು ಬಿಡಿಸುವುದು ನನ್ನಂಥವರ ಪಾಲು. ಇವರೆಲ್ಲರೂ ತಿಂಗಳಿಗೊಂದು ಶನಿವಾರ ಸೇರುವ ತರಬೇತಿಯಲ್ಲಿ ಗೋಡೆಯ ಮೇಲೆ ಚಿತ್ರ ಬೀಳುತ್ತಿತ್ತು, ಎಲ್ಲರೂ ತಲೆಯಾಡಿಸುತ್ತಿದ್ದರು, ಚಹಾ ಬರುತ್ತಿತ್ತು. ಚಿತ್ರ ನೋಡಿ ಕಣ್ಣು ಕಲಿಯಬಹುದು, ಬೆರಳು ಕಲಿಯುವುದಿಲ್ಲ.

ಬೆರಳಿಗೆ ಕಲಿಸಿದರೆ ಪ್ರಯೋಜನವಿದೆ ಎಂಬುದಕ್ಕೆ ದೊಡ್ಡ ಆಧಾರ ನಮ್ಮ ದೇಶದಲ್ಲಿಯೇ ಇದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಸುಮಾರು 1.5 ಲಕ್ಷ ಮಹಿಳೆಯರಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಯನ್ನು ವೈದ್ಯರಲ್ಲ, ತರಬೇತಿ ಪಡೆದ ಪ್ರಾಥಮಿಕ ಆರೋಗ್ಯ ಕಾರ್ಯಕರ್ತೆಯರು 2 ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪರೀಕ್ಷೆಗೊಳಗಾದ ಗುಂಪಿನಲ್ಲಿ ರೋಗ ಮೊದಲ ಹಂತಗಳಲ್ಲಿಯೇ ಪತ್ತೆಯಾಗುವುದು ಹೆಚ್ಚಿತು, ಮತ್ತು 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನ ಸಾವು ಶೇ. 30ರ ಸುಮಾರಿಗೆ ಇಳಿಯಿತು. ಎಲ್ಲ ವಯಸ್ಸಿನವರನ್ನೂ ಸೇರಿಸಿ ಲೆಕ್ಕ ಹಾಕಿದಾಗ ಸಾವಿನ ಇಳಿಕೆ ಖಚಿತವೆನ್ನುವಷ್ಟು ಇರಲಿಲ್ಲ ಎಂಬುದನ್ನೂ ತರಬೇತಿಯಲ್ಲಿ ಹೇಳುತ್ತೇನೆ, ಇಲ್ಲದಿದ್ದರೆ ಕೈಪರೀಕ್ಷೆಯನ್ನು ಸಂಜೀವಿನಿ ಎಂದುಕೊಳ್ಳುವವರಿದ್ದಾರೆ.

ಈಗ ಎರಕಗಳ ವಿಚಾರಕ್ಕೆ ಬರೋಣ. ಮೊದಲ ಮೂರು ಮಾದರಿಗಳಲ್ಲಿ ಗಾಜಿನ ಗೋಲಿಗಳನ್ನು ಹುದುಗಿಸಿದ್ದೆ. ಕಲಿಯಲು ಬಂದವರೆಲ್ಲರೂ ಐದಕ್ಕೆ ಐದು ಗಂಟು ಹುಡುಕಿದಾಗ ನನ್ನ ಪಾಠದ ಬಗ್ಗೆ ನನಗೇ ಹೆಮ್ಮೆಯಾಗಿ ಒಂದು ವಾರ ಬೀಗಿಕೊಂಡಿದ್ದೆ. ಆಮೇಲೆ ಒಬ್ಬ ಶುಶ್ರೂಷಕಿ, ಪಾಪ, ಬಹಳ ಸಂಕೋಚದಿಂದ, “ಮೇಡಂ, ಕಿಟಕಿ ಕಡೆ ತಿರುಗಿಸಿದ್ರೆ ಗೋಲಿ ಕಾಣ್ಸುತ್ತೆ” ಎಂದರು. ಅವರೆಲ್ಲ ಹುಡುಕಿದ್ದು ಬೆರಳಿನಿಂದಲ್ಲ, ಕಣ್ಣಿನಿಂದ. ಬಣ್ಣ ಬೆರೆಸಿ ಅದನ್ನು ಮುಚ್ಚಿದ ಮೇಲೂ ಅಂಕ ಇಳಿಯಲಿಲ್ಲ, ಏಕೆಂದರೆ ಗೋಲಿಗಳು ಚರ್ಮದ ಕೆಳಗೇ ಇದ್ದವು ಮತ್ತು ಸುತ್ತಲಿನ ಸಿಲಿಕೋನ್ ಚಪ್ಪಲಿಯ ಅಟ್ಟೆಯಷ್ಟು ಬಿಗಿಯಾಗಿತ್ತು.

ಕೈಪರೀಕ್ಷೆಯ ತಿರುಳಿರುವುದು ಮೂರು ಒತ್ತಡಗಳಲ್ಲಿ. ನಡುವಿನ ಮೂರು ಬೆರಳುಗಳ ತುದಿಯಿಂದಲ್ಲ, ತುದಿಯ ಹಿಂದಿನ ಮೆತ್ತನೆಯ ಭಾಗದಿಂದ ಒಂದೇ ಜಾಗದಲ್ಲಿ ಸಣ್ಣ ಸುತ್ತು ಹಾಕುತ್ತ ಮೊದಲು ಹಗುರವಾಗಿ, ಬಳಿಕ ಮಧ್ಯಮವಾಗಿ, ಕೊನೆಗೆ ಪಕ್ಕೆಲುಬು ತಗಲುವಷ್ಟು ಆಳವಾಗಿ ಒತ್ತಬೇಕು. ಹಾಗೆಯೇ ಗದ್ದೆಯಲ್ಲಿ ಸಾಲು ಹಿಡಿದಂತೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಕಂಕುಳಿನಿಂದ ಎದೆಮೂಳೆಯವರೆಗೆ ಒಂದು ಪಟ್ಟಿಯೂ ಬಿಡದೆ ಸಾಗಬೇಕು. ಮೂರನೆಯ ಒತ್ತಡಕ್ಕೆ ಮಾತ್ರ ಸಿಗುವ ಗಂಟು ನನಗೆ ಬೇಕಿತ್ತು. ಅದಕ್ಕೆ ಬಹಳ ಮೆತ್ತನೆಯ ಜೆಲ್ ಬೇಕು.

ಇಲ್ಲಿ ಸರಬರಾಜುದಾರರ ಪ್ರವೇಶವಾಗುತ್ತದೆ. ಗಡಸುತನವನ್ನು ಅಳೆಯುವ ಶೋರ್ ಮಾಪಕಗಳಲ್ಲಿ 00 ಎಂಬುದು ಬಹಳ ಮೆತ್ತನೆಯ ಜೆಲ್‌ಗಳಿಗೆ, ಎ ಎಂಬುದು ಅದಕ್ಕಿಂತ ಬಿಗಿಯಾದ ರಬ್ಬರಿನಂಥವಕ್ಕೆ. ನಾನು ಕೇಳಿದ್ದು ಶೋರ್ 00 ಮಾಪಕದ 10, ಕಳಿಸಿದ್ದು ಶೋರ್ ಎ ಮಾಪಕದ 20. ಫೋನ್ ಮಾಡಿದರೆ, “ಎರಡೂ ಮೆತ್ತಗೇ ಮೇಡಂ, ಅದು ಸ್ಟಾಕ್ ಇಲ್ಲ” ಎಂಬ ಉತ್ತರ. ಕಡುಬು ಕೇಳಿದವನಿಗೆ ಕೋಡುಬಳೆ ಕೊಟ್ಟು ಎರಡೂ ಅಕ್ಕಿಯದ್ದೇ ಎಂದಂತಾಯಿತು. ಹದಿನೆಂಟು ದಿನಗಳ ನಂತರ ಸರಿಯಾದ ಡಬ್ಬಿ ಬಂದಾಗ ಬಿ ಭಾಗ ಸೋರಿ ಪೆಟ್ಟಿಗೆಯೊಳಗಿನ ಬಿಲ್ಲನ್ನು ಪಾರದರ್ಶಕವಾಗಿ ಮಾಡಿತ್ತು. ಪುಣ್ಯಕ್ಕೆ ಮೊತ್ತ ಮಾತ್ರ ಸ್ಪಷ್ಟವಾಗಿ ಓದಲು ಬರುತ್ತಿತ್ತು.

ಗೋಲಿಗಳನ್ನು ಕೈಬಿಟ್ಟು ಹುಣಸೆಬೀಜ ಹಿಡಿದೆ. ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ಗಟ್ಟಿ, ಅಂಕುಡೊಂಕು, ಸುತ್ತಲಿನ ಅಂಗಾಂಶಕ್ಕೆ ಕಚ್ಚಿಕೊಂಡಿರುವಂಥದ್ದು. ಎಳೆಯ ವಯಸ್ಸಿನವರಲ್ಲಿ ಹೆಚ್ಚಾಗಿ ಕಾಣುವ ನಿರಪಾಯಕಾರಿ ಫೈಬ್ರೊಅಡಿನೋಮ ನುಣುಪಾಗಿದ್ದು ಬೆರಳಿನಡಿ ಜಾರಿ ಓಡುತ್ತದೆ. ಹುಣಸೆಬೀಜಕ್ಕೆ ಅಕ್ರಿಲಿಕ್ ವಾರ್ನಿಷ್ ಹಚ್ಚಿ, ಸೊಳ್ಳೆಪರದೆಯ ತುಂಡಿಗೆ ನೈಲಾನ್ ದಾರದಿಂದ ಬಿಗಿದರೆ ಓಡುವುದಿಲ್ಲ. ಚರ್ಮದ ಪದರವನ್ನು ಅಚ್ಚಿನೊಳಗೆ ಬಳಿದು, ಅರ್ಧ ಹೆಪ್ಪುಗಟ್ಟಿದಾಗ ಅದರ ಮೇಲೆ ಪರದೆಯ ತುಂಡನ್ನು ಕೈಯಿಂದ ಒತ್ತಿ ಕೂರಿಸಿ, ಬೀಜಗಳನ್ನು ಬೇಕಾದ ಆಳಕ್ಕೆ ಎಳೆದು ಕಟ್ಟಿ, ಮೇಲೆ ಜೆಲ್ ಸುರಿದೆ. ಕಾಗದದ ಮೇಲೆ ಇದಕ್ಕಿಂತ ಸುಲಭವಾದ ಕೆಲಸವಿಲ್ಲ.

ನಾಲ್ಕನೆಯ ಎರಕ ಹೆಪ್ಪುಗಟ್ಟಲೇ ಇಲ್ಲ. ಸರಬರಾಜುದಾರರನ್ನು ಕೇಳಿದೆ, “ಮಳೆಗಾಲ ಮೇಡಂ” ಎಂದರು. ನಾನು ತಕ್ಕಡಿಯನ್ನು ಅನುಮಾನಿಸಿ ಹೊಸ ತಕ್ಕಡಿ ಕೊಂಡೆ. ಐದನೆಯದೂ ಅಂಟಾಯಿತು, ಅದರಲ್ಲೂ ಅಂಚಿನ ಉದ್ದಕ್ಕೂ ಲೋಳೆ. ಆಗ ಹೊಳೆದದ್ದು ಅಂಚನ್ನು ಮುಚ್ಚಲು ಬಳಸಿದ್ದ ಮಕ್ಕಳ ಬಣ್ಣದ ಜೇಡಿಯ ವಿಚಾರ. ನಾನು ಬಳಸುವ, ಪ್ಲಾಟಿನಂನಿಂದ ಹೆಪ್ಪುಗಟ್ಟುವ ಸಿಲಿಕೋನ್‌ಗೆ ಗಂಧಕವೆಂದರೆ ಹಾಲಿಗೆ ಹುಳಿ ಇದ್ದಂತೆ ಎಂದು ಬರೆಯಹೊರಟಿದ್ದೆ, ಆದರೆ ಹಾಲು ಹುಳಿಯಿಂದ ಹೆಪ್ಪುಗಟ್ಟುತ್ತದೆ, ಇದು ಗಂಧಕದಿಂದ ಹೆಪ್ಪುಗಟ್ಟುವುದನ್ನೇ ಮರೆಯುತ್ತದೆ. ಹೆಪ್ಪಿನ ಕೆಲಸ ಮಾಡಬೇಕಾದ ಪ್ಲಾಟಿನಂ ಕಣಗಳನ್ನು ಗಂಧಕ ಹಿಡಿದು ಕಟ್ಟಿಹಾಕುತ್ತದೆ, ಮತ್ತು ಇಂಥ ಜೇಡಿಗಳಲ್ಲಿ ಎಷ್ಟೋ ಬಗೆಗಳಲ್ಲಿ ಗಂಧಕವಿರುತ್ತದೆ. ನಮ್ಮ ಬೀದಿಯ ಗಣಪತಿ ಮಾಡುವವರ ಬಳಿ ಹೋಗಿ ಕೆರೆಮಣ್ಣು ಕೇಳಿದೆ. “ಚೌತಿ ಇನ್ನೂ ದೂರ ಐತಲ್ಲಮ್ಮ, ಯಾವ ದೇವ್ರು ಮಾಡ್ತೀರಿ?” ಎಂದರು. ಉತ್ತರ ಹೇಳಲು ನಾಲಿಗೆ ತಡವರಿಸಿತು; ತರಬೇತಿಯಲ್ಲಿ ‘ಸ್ತನ ಎಂಬ ಪದವನ್ನು ನಾಚದೆ ಹೇಳಿ’ ಎಂದು ಬೇರೆಯವರಿಗೆ ಬೋಧಿಸುವವಳು ನಾನೇ ಎಂಬುದು ಮಣ್ಣು ಹೊತ್ತು ಮನೆಗೆ ಬರುವಾಗ ನೆನಪಾಯಿತು.

ಆರನೆಯ ಎರಕದಲ್ಲಿ ಅಂಚು ಚೆನ್ನಾಗಿ ಒಣಗಿತ್ತು, ನಡುಭಾಗ ಮಾತ್ರ ಅಂಟು. ಸಿಟ್ಟಿನಿಂದ ಅದನ್ನು ಮಗುಚಿ, ಚರ್ಮದ ಪದರವನ್ನು ಜೆಲ್‌ನಿಂದ ಸಿಪ್ಪೆಯಂತೆ ಸುಲಿದು ಬೆಳಕಿಗೆ ಹಿಡಿದೆ. ಒಳಮೈಯಲ್ಲಿ ಎಲ್ಲ ಕಡೆ ಒಣಗಿದ್ದ ಸಿಲಿಕೋನ್ ನಾಲ್ಕು ಉದ್ದನೆಯ ಮಚ್ಚೆಗಳಲ್ಲಿ ಮಾತ್ರ ಹೊಳೆಯುತ್ತಿತ್ತು, ಅವುಗಳಿಂದ ತುಸು ದೂರದಲ್ಲಿ ಐದನೆಯ, ಅಗಲವಾದ ಮಚ್ಚೆಯೊಂದಿತ್ತು. ನಾನು ಅದರ ಮೇಲೆ ನನ್ನ ಬಲಗೈ ಇಟ್ಟೆ. ಐದೂ ಬೆರಳು ಸರಿಯಾಗಿ ಕೂತವು.

ಪರದೆಯನ್ನು ಒತ್ತಿ ಕೂರಿಸಿದಾಗ ನಾನು ತೊಟ್ಟಿದ್ದದ್ದು ಲ್ಯಾಟೆಕ್ಸ್, ಅಂದರೆ ರಬ್ಬರಿನ ಕೈಗವಸು. ಮೊದಲ ಮೂರು ಎರಕಗಳಿಗೆ ತಲೆಗೂದಲ ಬಣ್ಣದ ಪೊಟ್ಟಣದಲ್ಲಿ ಪುಕ್ಕಟೆ ಬರುವ ಪ್ಲಾಸ್ಟಿಕ್ ಕೈಗವಸು ಸಾಕಾಗಿತ್ತು. ನಾಲ್ಕನೆಯದಕ್ಕೆ ‘ವೃತ್ತಿಪರವಾಗಿ ಮಾಡೋಣ’ ಎಂದು ಔಷಧದ ಅಂಗಡಿಯಿಂದ ಒಂದು ಪೆಟ್ಟಿಗೆ ತಂದಿದ್ದೆ. ರಬ್ಬರನ್ನು ಹದಗೊಳಿಸುವುದೇ ಗಂಧಕದಿಂದ. ಆದರೂ ಇನ್ನೊಮ್ಮೆ ತಪ್ಪು ಆರೋಪಿಯನ್ನು ಹಿಡಿಯುವ ಮನಸ್ಸಿರಲಿಲ್ಲವಾದ್ದರಿಂದ ಸ್ನಾನಗೃಹದಲ್ಲಿ ಉಳಿದಿದ್ದ ಟೈಲಿನ ಮೇಲೆ ಪೊಟ್ಟಣದ ಕೈಗವಸಿನ ತುಂಡು, ನೈಟ್ರೈಲ್ ಕೈಗವಸಿನ ತುಂಡು, ಲ್ಯಾಟೆಕ್ಸ್ ತುಂಡು ಮೂರನ್ನೂ ಅಂಟಿಸಿ, ಒಂದೊಂದರ ಮೇಲೆ ಒಂದೊಂದು ಚಮಚ ಜೆಲ್ ಸುರಿದು ಮಲಗಿದೆ. ಬೆಳಿಗ್ಗೆ ಎರಡು ತುಂಡುಗಳ ಮೇಲಿನ ಜೆಲ್ ಹಲ್ವದ ಬಿಲ್ಲೆಯಂತೆ ಎದ್ದು ಬಂತು, ಲ್ಯಾಟೆಕ್ಸ್ ಮೇಲಿನದು ಜೋನಿಬೆಲ್ಲದಂತೆ ಹರಿಯಿತು. ಆ ಟೈಲನ್ನು ತೊಳೆದಿಲ್ಲ, ಪ್ರಶಸ್ತಿಪತ್ರದಂತೆ ಕಪಾಟಿನಲ್ಲಿಟ್ಟಿದ್ದೇನೆ. ಹೊಸ ಡಬ್ಬಿ, ಹೊಸ ಮಣ್ಣು, ಹೊಸ ವಾರ್ನಿಷ್, ಏನೇ ಬಂದರೂ ಇನ್ನು ಮುಂದೆ ಮೊದಲು ಟೈಲಿನ ಮೇಲೆ ಒಂದು ಚಮಚ. ಸರಬರಾಜುದಾರರಿಗೆ ಫೋನ್ ಮಾಡಿ ತಿಳಿಸಿದೆ. “ನಾವು ಹೇಳಿರಲಿಲ್ವಾ ಮೇಡಂ?” ಎಂದರು. ಹೇಳಿರಲಿಲ್ಲ.

ಏಳನೆಯ ಮಾದರಿಯಲ್ಲಿ ಎರಡು ಬೀಜಗಳು ಮೇಲೆ, ಒಂದು ನಡುವೆ, ಎರಡು ತಳದಲ್ಲಿ ಮರದ ಪಟ್ಟಿಗಳ ‘ಪಕ್ಕೆಲುಬಿನ’ ಹತ್ತಿರ. ಕಳೆದ ಶನಿವಾರದ ತರಬೇತಿಗೆ ಹನ್ನೊಂದು ಮಂದಿ ಬಂದಿದ್ದರು. ಮೇಲಿನವನ್ನು ಎಲ್ಲರೂ ಹುಡುಕಿದರು. ತಳದ ಎರಡನ್ನೂ ಹುಡುಕಿದವರು ಮೂವರೇ, ಅದರಲ್ಲೂ ಒಬ್ಬರು ಉಗುರು ಊರುವಂತೆ ಬೆರಳ ತುದಿಯಿಂದ ಚುಚ್ಚಿ ಹುಡುಕಿದ್ದರಿಂದ, ಜೀವವಿರುವ ಹೆಂಗಸಾಗಿದ್ದರೆ ಎದ್ದು ಹೋಗುತ್ತಿದ್ದಳು ಎಂದು ಉಳಿದವರೇ ನಗಾಡಿದರು. ಬೆರಳು ಸಾಗಬೇಕಾದ ಸಾಲುಗಳನ್ನು ತೋರಿಸಿ, ಪ್ರತಿ ಜಾಗದಲ್ಲಿ ಮೂರು ಒತ್ತಡಗಳನ್ನೂ ಗಟ್ಟಿಯಾಗಿ ಎಣಿಸುತ್ತ ಮಾಡಿಸಿದ ಮೇಲೆ ಒಂಬತ್ತು ಮಂದಿಗೆ ತಳದವು ಸಿಕ್ಕವು. ಮೊದಲ ಸಲ ಸಿಕ್ಕಾಗ ಅವರ ಕೈ ಒಂದು ಕ್ಷಣ ನಿಂತು, ಹಿಂದೆ ಹೋಗಿ, ಅದೇ ಜಾಗಕ್ಕೆ ಮರಳಿ ಬರುತ್ತದೆ. ಅದನ್ನು ನೋಡುವುದಕ್ಕಾಗಿಯೇ ಇನ್ನೂ ಏಳು ಎರಕ ಹಾಳು ಮಾಡಿಕೊಳ್ಳಬಹುದು.

ಆದರೆ ಆ ದಿನ ನಾನು ಲೆಕ್ಕಕ್ಕಿಡದಿದ್ದ ಸಂಗತಿಯೊಂದು ನಡೆಯಿತು. ಚೀಲದಲ್ಲಿದ್ದ ಎರಡನೆಯ ಎರಕದಿಂದ ಗೋಲಿಗಳನ್ನೆಲ್ಲ ತೆಗೆದು ಸೀಳನ್ನು ಮುಚ್ಚಿ, ಯಾರಿಗೂ ಹೇಳದೆ ಸಾಲಿನಲ್ಲಿಟ್ಟಿದ್ದೆ. ಎಂಟು ಮಂದಿ ಅದರಲ್ಲೂ ಗಂಟು ಹುಡುಕಿದರು. ಒಬ್ಬರಿಗೆ ಎರಡು ಸಿಕ್ಕವು. ನನ್ನಂತೆಯೇ ಸಮಾಜ ಕಾರ್ಯಕರ್ತೆಯಾಗಿರುವ ಗೆಳತಿ ಯಾರಿಗೆ ಎಷ್ಟು ಸಿಕ್ಕವೆಂದು ಬರೆದ ಪಟ್ಟಿಯನ್ನು ನೋಡಿ, “ಇಲ್ಲದ ಗಂಟಿಗೆ ಶಿವಮೊಗ್ಗಕ್ಕೆ ಬಸ್ ಹತ್ತಿಸೋದು ನಾನು, ಎರಡು ದಿನದ ಕೂಲಿ ಹೋಗೋದು ಅವಳದ್ದು” ಎಂದಳು. ಆರೋಗ್ಯವಂತ ಸ್ತನವೂ ಒಳಗೆ ಸಣ್ಣಸಣ್ಣ ಹರಳುಗಳಿರುವಂತೆ ತರಿತರಿಯಾಗಿಯೇ ಇರುತ್ತದೆ, ಮುಟ್ಟಿನ ಮುಂಚಿನ ದಿನಗಳಲ್ಲಿ ಇನ್ನೂ ಹೆಚ್ಚು. ನಿಜವಾದ ಗಂಟುಗಳಲ್ಲಿಯೂ ಬಹುಪಾಲು ಕ್ಯಾನ್ಸರ್ ಅಲ್ಲ. ಅದು ತೀರ್ಮಾನವಾಗುವುದು ವೈದ್ಯರ ಪರೀಕ್ಷೆ, ಸ್ಕ್ಯಾನ್ ಅಥವಾ ಮ್ಯಾಮೊಗ್ರಾಮ್, ಸೂಜಿಯಿಂದ ತೆಗೆದ ಮಾದರಿ ಈ ಮೂರೂ ಸೇರಿದಾಗ. ಆದ್ದರಿಂದ ಸಿಕ್ಕಿದ್ದಕ್ಕೆ ಹೆಸರಿಡಬೇಡಿ, ‘ಇಲ್ಲಿ ಏನೋ ಬೇರೆಯಾಗಿ ಕೈಗೆ ಸಿಗುತ್ತಿದೆ, ದೊಡ್ಡ ಡಾಕ್ಟರಿಗೆ ತೋರಿಸೋಣ, ನಾನು ಜೊತೆಗಿರುತ್ತೇನೆ’ ಎನ್ನಿ ಎಂದು ಬಾಯಿಪಾಠ ಮಾಡಿಸುತ್ತಿದ್ದೆವು. ಗಂಟಿಲ್ಲದ ಮಾದರಿಯನ್ನು ಮಾತ್ರ ನಾನು ಒಂದನ್ನೂ ಮಾಡಿರಲಿಲ್ಲ. ಏಳು ಸಲ ಗಂಟನ್ನು ಅಡಗಿಸುವುದರಲ್ಲೇ ಮುಳುಗಿ, ಗಂಟಿಲ್ಲದ್ದು ಕೈಗೆ ಹೇಗಿರುತ್ತದೆ ಎಂಬುದನ್ನು ಮರೆತಿದ್ದೆ.

ಎಂಟನೆಯದು ಅದೇ. ತರಿಗೆ ಸಾಬಕ್ಕಿ ಯೋಚಿಸಿದೆ, ಬೂಸ್ಟು ಹಿಡಿಯುವ ಭಯ. ಥರ್ಮೊಕೋಲ್ ಮಣಿಗಳು ತೇಲಿದವು. ಕೊನೆಗೆ, ಹಾಳಾದ ಎರಕಗಳ ಒಣಗಿದ ಭಾಗಗಳನ್ನು ತೆಂಗಿನಕಾಯಿಯ ತುರಿಮಣೆಯಲ್ಲಿ ತುರಿದು ಜೆಲ್‌ಗೆ ಬೆರೆಸಿದಾಗ ಬೇಕಾದ ಹದ ಸಿಕ್ಕಿತು. ತುರಿಮಣೆ ಈಗ ನನ್ನದು, ಅಡುಗೆಮನೆಗೆ ಹೊಸದು ಬಂದಿದೆ, ಅದರ ಹಣವನ್ನೂ ಈ ಹವ್ಯಾಸದ ಲೆಕ್ಕಕ್ಕೇ ಬರೆಯಲಾಗಿದೆ.

ನಡುವೆ ಕೈ ತುರಿಸುತ್ತಿರುವುದು ಬಾಯಿಯ ಮಾದರಿಗೆ. ಎಲೆಯಡಿಕೆ, ಹೊಗೆಸೊಪ್ಪು, ಗುಟ್ಕಾ ಮೂರೂ ಧಾರಾಳವಾಗಿರುವ ನಮ್ಮ ಸೀಮೆಗೆ ಮೊದಲು ಅದನ್ನೇ ಮಾಡಬೇಕಿತ್ತು. ತಿರುವನಂತಪುರದಲ್ಲಿ 1996ರಿಂದ ನಡೆದ ದೊಡ್ಡ ಅಧ್ಯಯನದಲ್ಲಿಯೂ ಬಾಯಿ ನೋಡಿದವರು ತರಬೇತಿ ಪಡೆದ ಕಾರ್ಯಕರ್ತರೇ, ಮತ್ತು ತಂಬಾಕು, ಮದ್ಯ ಬಳಸುವವರಲ್ಲಿ ಸಾವು ಇಳಿದದ್ದು ಅಲ್ಲಿ ಕಂಡುಬಂತು. ಕೆನ್ನೆಯ ಒಳಗೆ ಬಿಳಿ ಮಚ್ಚೆ, ನಾಲಿಗೆಯ ಅಂಚಿನಲ್ಲಿ ಕೆಂಪು ಮಚ್ಚೆ ಬಳಿಯುವುದು ಕಷ್ಟವಲ್ಲ. ಅಡಿಕೆ ಜಗಿದು ಬಾಯಿ ಬಿಗಿದುಕೊಂಡವರಂತೆ ಮೂರು ಬೆರಳು ಹಿಡಿಸದ ದವಡೆ ಬೇಕಲ್ಲ, ಅದಕ್ಕೆ ಕಿಟಕಿಯ ತಿರುಗಣೆ ಮತ್ತು ಸ್ಪ್ರಿಂಗ್ ಹಾಕಿ ನೋಡಿದೆ, ಮೊದಲ ಪ್ರಯತ್ನದಲ್ಲೇ ನನ್ನ ಹೆಬ್ಬೆರಳನ್ನು ಕಚ್ಚಿತು. ಸ್ಪ್ರಿಂಗಿನ ಬದಲು ಅಗಲವಾದ ರಬ್ಬರ್ ಪಟ್ಟಿ ಹಾಕಬಹುದಿತ್ತು, ಆದರೆ ರಬ್ಬರನ್ನು ಸಿಲಿಕೋನ್ ಹತ್ತಿರ ತರುವ ಧೈರ್ಯ ಸದ್ಯಕ್ಕಿಲ್ಲ.

ಎಂಟನೆಯದರ ಚರ್ಮದ ಪದರವನ್ನು ಶುಕ್ರವಾರ ರಾತ್ರಿ ಬಳಿಯುತ್ತೇನೆ. ತಲೆಗೂದಲ ಬಣ್ಣದ ಎರಡು ಪೊಟ್ಟಣ ತಂದಿಟ್ಟಿದ್ದೇನೆ, ಬಣ್ಣ ಅತ್ತೆಯವರಿಗೆ, ಕೈಗವಸು ನನಗೆ.