ಹತ್ತೂವರೆ ಇಂಚಿನ ಅಂಗಿ

ಸೋಮವಾರಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಹೊಲಿಯುವುದು ಜಾಸ್ತಿ ರವಿಕೆ. ಮದುವೆ ತಿಂಗಳಲ್ಲಿ ರವಿಕೆ, ಗೌರಿ ಹಬ್ಬಕ್ಕೆ ರವಿಕೆ, ನಡುನಡುವೆ ಸೀರೆಗೆ ಫಾಲ್, ಹಳೆ ಚೂಡಿದಾರ್ ಬಿಗಿ ಮಾಡೋದು, ಶಾಲೆ ಶುರುವಾಗುವಾಗ ಯೂನಿಫಾರಂ. ಆದರೆ ಯಾರಾದರೂ ಹೆಣ್ಣು ಕೂಸಿನ ಬಟ್ಟೆ ಹೊಲಿದುಕೊಡಿ ಅಂತ ಬಂದರೆ ಕೈಯಲ್ಲಿರುವ ರವಿಕೆಯನ್ನು ಪಕ್ಕಕ್ಕಿಟ್ಟು ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನನಗೆ ಅದರ ಮೇಲೆ ಅಷ್ಟು ಪ್ರೀತಿ.

ಅಂಗಡಿಗಳಲ್ಲಿ ನೇತು ಹಾಕಿರುತ್ತಾರಲ್ಲ, ಗುಲಾಬಿ ಬಣ್ಣದ ನೆಟ್ ಫ್ರಾಕ್, ಎದೆ ಮೇಲೆ ಅಂಟಿಸಿದ ಹೂವು, ಬೆನ್ನಿಗೊಂದು ದೊಡ್ಡ ಬೋ. ನೋಡೋಕೆ ಚಂದ. ಒಮ್ಮೆ ಅದನ್ನು ಒಳಮಗ್ಗುಲು ತಿರುಗಿಸಿ ನೋಡಿ. ಕಂಕುಳಲ್ಲಿ ನೆಟ್ಟಿನ ಅಂಚು ಮುಳ್ಳು ಮುಳ್ಳಾಗಿ ನಿಂತಿರುತ್ತದೆ. ಸೊಂಟದ ಹೊಲಿಗೆಯಲ್ಲಿ ನಾಲ್ಕೈದು ಪದರ ಸೇರಿ ದಪ್ಪನೆ ಉಬ್ಬಿರುತ್ತದೆ. ಕುತ್ತಿಗೆ ಹಿಂದೆ ಗಟ್ಟಿ ನೈಲಾನ್ ಲೇಬಲ್. ಮಗು ಅದನ್ನು ಹಾಕಿಕೊಂಡು ಅಳುತ್ತದೆ, ನಾವು ಜನ ಜಾಸ್ತಿಯಾದರು, ದೃಷ್ಟಿಯಾಯಿತು ಅಂತೀವಿ. ಬಾಯಿ ಬಾರದ ಕೂಸು ಚುಚ್ಚುತ್ತೆ ಅಂತ ಹೇಗೆ ಹೇಳಬೇಕು?

ಅದಕ್ಕೇ ಕೂಸಿನ ಬಟ್ಟೆಯನ್ನು ಒಳಗಿನಿಂದ ಯೋಚನೆ ಮಾಡಿ ಹೊಲಿಯಬೇಕು ಅನ್ನುವುದು ನನ್ನ ಹಟ. ಹೊರಗಿನ ಚಂದ ಆಮೇಲೆ. ಈ ಹಟ ಮೊದಲಿನಿಂದಲೂ ಇತ್ತು, ಆದರೆ ಶಾಂತಳ್ಳಿ ಕಡೆಯ ಒಬ್ಬರು ಅಜ್ಜಿ ಮಳೆಯಲ್ಲಿ ಬಂದ ದಿನ ಅದು ಪೂರ್ತಿ ಗಟ್ಟಿಯಾಯಿತು.

ಪುನರ್ವಸು ಮಳೆ ಹಿಡಿದಿತ್ತು. ನಮ್ಮಲ್ಲಿ ಮಳೆ ಅಂದರೆ ಏನು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ, ಅದರಲ್ಲೂ ಪುಷ್ಪಗಿರಿ ಬುಡದ ಶಾಂತಳ್ಳಿ ಕಡೆ ಸುರಿಯುವ ಮಳೆ ಜಿಲ್ಲೆಯಲ್ಲೇ ಹೆಸರುವಾಸಿ. ಹಿಂದಿನ ರಾತ್ರಿಯಿಂದ ಕರೆಂಟ್ ಇರಲಿಲ್ಲ. ಅಜ್ಜಿ ಬೆಳಗಿನ ಬಸ್ಸಿನಲ್ಲಿ ಇಳಿದು, ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡು ನೇರ ನಮ್ಮ ಮನೆಗೆ ಬಂದರು. ಯಾರೋ ದಾರಿ ಹೇಳಿದ್ದರಂತೆ. ಕೊಪ್ಪೆ ಹೊರಗೆ ಕೊಡವಿ, ಒಳಗೆ ಬಂದು, ಎದೆಗೆ ಅವುಚಿಕೊಂಡಿದ್ದ ಚೀಲ ಬಿಚ್ಚಿದರು. ಒಳಗೆ ಒಂದು ಹಳೆ ಹತ್ತಿ ಸೀರೆ. ತಿಳಿ ಹಸಿರು, ಸಣ್ಣ ಚೌಕಳಿ.

"ಮಗಳಿಗೆ ಹೆರಿಗೆ ಆಯ್ತು ಕಣಮ್ಮಾ. ಹೆಣ್ಣು. ಏಳೂವರೆ ತಿಂಗಳಿಗೇ ಆಗೋಯ್ತು. ಮಡಿಕೇರಿ ಆಸ್ಪತ್ರೆಲಿ ಇದ್ದಾರೆ."

"ತೂಕ ಎಷ್ಟಂತೆ ಅಜ್ಜಿ?"

"ಒಂದು ಮುಕ್ಕಾಲು ಕೇಜಿ ಅಂದ್ರು. ನನ್ನ ಅಂಗೈಲಿ ಕೂರುತ್ತೆ."

ಹುಟ್ಟಿದ ಮಗು ಎರಡೂವರೆ ಕೇಜಿಗಿಂತ ಕಡಿಮೆ ಇದ್ದರೇ ತೂಕ ಕಮ್ಮಿ ಅಂತ ಲೆಕ್ಕ. ಇದು ಒಂದು ಮುಕ್ಕಾಲು. ಮಡಿಕೇರಿ ಪೇಟೆಯಲ್ಲಿ ಅಳಿಯ ಕೂಸಿಗೆ ಅಂಗಿ ಹುಡುಕಿಕೊಂಡು ಅಲೆದಿದ್ದಾನೆ. ಸಿಕ್ಕಿದ್ದರಲ್ಲಿ ತೀರಾ ಸಣ್ಣದನ್ನು ತಂದು ಹಾಕಿದರೆ ಕೂಸಿಗೆ ಅದು ನೈಟಿ ಆದ ಹಾಗಾಯಿತಂತೆ. ಕುತ್ತಿಗೆಯಿಂದ ಭುಜ ಆಚೆ ಬರುತ್ತಿತ್ತು, ತೋಳು ಎಲ್ಲೋ, ಕೈ ಎಲ್ಲೋ. ನರ್ಸಮ್ಮ ಮುಂದೆ ತೆರೆಯುವ ಅಂಗಿ ತನ್ನಿ, ತಲೆಗೆ ಟೋಪಿ ತನ್ನಿ ಅಂದಿದ್ದರು. ಹಗಲೂ ರಾತ್ರಿ ಕೂಸನ್ನು ತಾಯಿಯ ಎದೆಗೆ ಚರ್ಮ ತಾಗುವ ಹಾಗೆ ಮಲಗಿಸಿಕೊಳ್ಳೋಕೆ ಹೇಳಿದ್ದರು. ಕಾಂಗರೂ ಆರೈಕೆ ಅನ್ನುತ್ತಾರೆ ಅದಕ್ಕೆ. ಅಷ್ಟು ಸಣ್ಣ ಕೂಸಿನ ಮೈಯಲ್ಲಿ ಕೊಬ್ಬು ಇರುವುದಿಲ್ಲ, ತನ್ನ ಮೈ ಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳೋಕೆ ಆಗುವುದಿಲ್ಲ, ತಾಯಿ ಮೈ ಬಿಸಿಯೇ ಅದಕ್ಕೆ ಆಸರೆ. ತಲೆಯಿಂದ ಬಿಸಿ ಬೇಗ ಹೋಗುತ್ತದೆ, ಅದಕ್ಕೇ ಟೋಪಿ.

ಅಳತೆ ಕೇಳಿದೆ. ಅಜ್ಜಿ ಸೊಂಟದ ಸಂಚಿಯಿಂದ ಹೂ ಕಟ್ಟುವ ಬಾಳೆ ನಾರಿನ ಎಳೆಯೊಂದನ್ನು ತೆಗೆದರು. ಅದರಲ್ಲಿ ಗಂಟುಗಳಿದ್ದವು. "ಈ ಗಂಟಿನ ತಂಕ ಎದೆ. ಇಲ್ಲಿವರೆಗೆ ತೋಳು. ಇದು ತಲೆ." ಆಸ್ಪತ್ರೆಯಲ್ಲಿ ಕೂಸಿನ ಮೈಗೆ ನಾರು ಸುತ್ತಿ, ಹಗೂರಕ್ಕೆ ಗಂಟು ಹಾಕಿ ತಂದಿದ್ದರು. ಟೇಪ್ ಪಕ್ಕ ಇಟ್ಟು ನೋಡಿದೆ. ಎದೆ ಹತ್ತೂವರೆ ಇಂಚು. ನಾನು ಇಷ್ಟು ವರ್ಷದಲ್ಲಿ ಅಂಥ ಅಳತೆ ಬರೆದುಕೊಂಡಿರಲಿಲ್ಲ. ತಿಂಗಳು ತುಂಬಿ ಹುಟ್ಟಿದ ಕೂಸಿನ ಎದೆ 12-13 ಇಂಚು ಇರುತ್ತದೆ, ಅದೇ ನಮಗೆ ಸಣ್ಣದು ಅನಿಸುತ್ತದೆ.

ಮಧ್ಯಾಹ್ನದ ಮೇಲೆ ಮಾದಾಪುರ ದಾರಿಯ ಬಸ್ಸಿಗೆ ಅಜ್ಜಿ ಮಡಿಕೇರಿಗೆ ಹೋಗಬೇಕು. ಅಷ್ಟರಲ್ಲಿ ಅಂಗಿ ಆಗಬೇಕು. ಕಾಲಲ್ಲಿ ತುಳಿಯುವ ಮಿಷನ್ ಆದ್ದರಿಂದ ಕರೆಂಟಿನ ಹಂಗಿಲ್ಲ. ಸೀರೆ ಮಾತ್ರ ದಾರಿಯಲ್ಲಿ ತೇವ ಎಳೆದಿತ್ತು. ಮಳೆಗಾಲದಲ್ಲಿ ನಮ್ಮಲ್ಲಿ ಕೂಸಿನ ಬಟ್ಟೆ ಒಣಗಿಸೋದು ಹೇಗೆ? ಅಗ್ಗಿಷ್ಟಿಕೆ ಮೇಲೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಬಟ್ಟೆ ಹರಡಿ. ಬಟ್ಟೆಗೆಲ್ಲ ಹೊಗೆ ವಾಸನೆ. ತುಂಬಿದ ಮಕ್ಕಳಿಗೆ ನಡೆದೀತು, ಈ ಕೂಸಿನ ಉಸಿರಿಗೆ ಹೊಗೆ ಬೇಡವೇ ಬೇಡ. ಇದ್ದಿಲು ಇಸ್ತ್ರಿ ಪೆಟ್ಟಿಗೆಯನ್ನು ಹೊರಗೆ ಜಗಲಿಯಲ್ಲೇ ಚೆನ್ನಾಗಿ ಕಾಯಿಸಿ, ಬೂದಿ ಬೀಳದ ಹಾಗೆ ಮೇಲೊಂದು ಬಿಳಿ ಬಟ್ಟೆ ಹಾಸಿ, ತೇವ ಹೋಗುವವರೆಗೆ ಉಜ್ಜಿದೆ.

ಹಳೆ ಹತ್ತಿ ಸೀರೆಗೆ ಸಮನಾದ ಬಟ್ಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಕುಗ್ಗುವುದೂ ಇರುತ್ತದೆ. ಅದನ್ನು ಎರಡು ನೀರಾದರೂ ನೆನೆಸಿ ಒಣಗಿಸದೆ ಕೂಸಿಗೆ ಕತ್ತರಿಸಬಾರದು. ವರ್ಷಗಟ್ಟಲೆ ಒಗೆದ ಸೀರೆಯಲ್ಲಿ ಗಂಜಿಯೂ ಇಲ್ಲ, ಇನ್ನು ಕುಗ್ಗುವುದಕ್ಕೂ ಏನೂ ಇಲ್ಲ. ಆದರೆ ಎಲ್ಲಿ ಬೇಕೋ ಅಲ್ಲಿ ಕತ್ತರಿ ಹಾಕುವ ಹಾಗಿಲ್ಲ. ಕಿಟಕಿ ಬೆಳಕಿಗೆ ಹಿಡಿದು ನೋಡಬೇಕು. ಎಳೆ ಸವೆದ ಕಡೆ ಬೆಳಕು ಜಾಸ್ತಿ ತೂರಿ ಬರುತ್ತದೆ, ಅದನ್ನು ಬಿಡಬೇಕು. ಸೊಂಟಕ್ಕೆ ಸಿಕ್ಕಿಸುವ ಒಳತುದಿ ಬಿಸಿಲು ಕಾಣದೆ ಸಾಮಾನ್ಯವಾಗಿ ಗಟ್ಟಿ ಉಳಿದಿರುತ್ತದೆ. ಅಂಚು ಒರಟು, ಮೈಗೆ ತಾಗಬಾರದು. ಅಜ್ಜಿಯ ಸೀರೆಯಲ್ಲಿ ಒಳತುದಿ ಹೂವಿನ ಹಾಗೇ ಇತ್ತು.

ಎದೆ ಹತ್ತೂವರೆಗೆ ಎರಡೂವರೆ ಇಂಚು ಸಡಿಲ ಸೇರಿಸಿ 13 ಇಂಚು ಇಟ್ಟುಕೊಂಡೆ. ಮುಂಭಾಗ ಒಂದರ ಮೇಲೊಂದು ಬರುವ ಹಾಗೆ ಎರಡೂ ಕಡೆ ಇನ್ನಷ್ಟು. ತೋಳು ಬೇರೆ ಕತ್ತರಿಸಲಿಲ್ಲ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೈ, ತೋಳು ಒಂದೇ ತುಂಡಲ್ಲಿ ಬರುವ ಹಾಗೆ ಕತ್ತರಿ ಓಡಿಸಿದೆ. ಹಾಗೆ ಮಾಡಿದರೆ ಭುಜದಲ್ಲಿ ಹೊಲಿಗೆಯೇ ಇರುವುದಿಲ್ಲ, ಕಂಕುಳಿನಿಂದ ಕೆಳಕ್ಕೆ ಒಂದೇ ಗೆರೆ. ರವಿಕೆಗೆ ಹಾಕುವ 16 ನಂಬರ್ ಸೂಜಿ ತೆಗೆದು 11 ಹಾಕಿದೆ, ಹೊಲಿಗೆ ಸಣ್ಣ ಮಾಡಿಕೊಂಡೆ, ದಾರ ಹತ್ತಿಯದ್ದು.

ಹೊಲಿಗೆಯ ಗೆರೆಯನ್ನು ನಾನು ಹೊರಗಡೆ ತೆಗೆದೆ. ಅಂದರೆ ನಾವು ಯಾವಾಗಲೂ ಒಳಗೆ ಮುಚ್ಚಿಡುವ ಅಂಚು ಈ ಅಂಗಿಯಲ್ಲಿ ಹೊರಗೆ. ಅಂಚನ್ನು ಮಡಚಿ, ಚಪ್ಪಟೆ ಮಾಡಿ, ಮೇಲೆ ಇನ್ನೊಂದು ಹೊಲಿಗೆ. ಒಳಗೆ ಕೈ ಆಡಿಸಿದರೆ ಎಲ್ಲೂ ಏನೂ ತಾಗಬಾರದು. ಅಲ್ಲಿಯವರೆಗೆ ಗೋಡೆಗೆ ಒರಗಿ ಕಾಫಿ ಲೋಟ ಹಿಡಿದು ಸುಮ್ನೆ ನೋಡುತ್ತಿದ್ದ ಅಜ್ಜಿ ಎದ್ದೇ ಬಂದರು.

"ಉಲ್ಟಾ ಹೊಲೀತಿದ್ದೀಯಲ್ಲ ತಾಯಿ!"

"ಇಲ್ಲ ಅಜ್ಜಿ, ಬೇಕಂತಲೇ. ಕೂಸಿನ ಚರ್ಮ ತುಂಬ ತೆಳು ಇರುತ್ತೆ. ಒಳಗೆ ಅಂಚು ಬಂದ್ರೆ ಗೆರೆ ಬೀಳುತ್ತೆ, ಕೆಂಪಾಗುತ್ತೆ."

ಅವರು ಕೈ ಒಳಗೆ ಹಾಕಿ ಸವರಿ ನೋಡಿದರು. ಎರಡು ಬೆರಳು ಮಾತ್ರ ಹಿಡಿಸಿತು ತೋಳಿನಲ್ಲಿ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು, "ಸರಿ ಕಣಮ್ಮಾ. ಆದ್ರೂ ಹೆಣ್ಣು ಮಗು ಅಲ್ವಾ, ಒಂದು ಫ್ರಿಲ್ ಆದ್ರೂ ಇರಲಿ. ಬಂದೋರೆಲ್ಲ ಅಯ್ಯೋ ಪಾಪ ಅಂತಾರೆ. ಒಬ್ರಾದ್ರೂ ಚಂದ ಇದೆ ಅನ್ನಲಿ."

ಆ ಮಾತು ಕೇಳಿ ನನಗೆ ಗಂಟಲು ಕಟ್ಟಿತು. ಮಗು ಉಳಿಯುತ್ತೋ ಇಲ್ಲವೋ ಅನ್ನುವ ಭಯದಲ್ಲಿರುವ ಮನೆಗೆ ಚಂದದ ಬಟ್ಟೆ ಬೇಡ ಅಂತ ಯಾರು ಹೇಳಿದ್ದು? ಫ್ರಿಲ್ ಇಡಲೇಬೇಕು, ಆದರೆ ಎಲ್ಲಿ ಇಡಬೇಕು ಅನ್ನುವುದು ಯೋಚನೆ. ಕೂಸು ಮಲಗುವುದು ಬೆನ್ನ ಮೇಲೆ ಇಲ್ಲವೇ ತಾಯಿ ಎದೆ ಮೇಲೆ. ಬೆನ್ನಿಗೆ ಏನೂ ಬರಬಾರದು, ಗುಂಡಿ, ಹುಕ್ಸು, ಬೋ ಯಾವುದೂ. ಎದೆ ಮೇಲೂ ದಪ್ಪ ಬರಬಾರದು. ಕುತ್ತಿಗೆ ಸುತ್ತ ಇಟ್ಟರೆ ಮೂಗಿಗೆ ಬರುತ್ತದೆ. ಉಳಿದದ್ದು ಕೆಳಗಿನ ಅಂಚು, ಅದೂ ಮುಂದುಗಡೆ ಮಾತ್ರ. ಅರ್ಧ ಇಂಚಿನ ಪಟ್ಟಿ ತೆಗೆದು, ಕೈಯಲ್ಲೇ ನೆರಿಗೆ ಎಳೆದು, ಅಲ್ಲಿಗೆ ಕೂರಿಸಿದೆ. ಪಕ್ಕದಲ್ಲಿ ಕಟ್ಟೋಕೆ ಅದೇ ಬಟ್ಟೆಯ ಲಾಡಿ, ತೀರಾ ಚಿಕ್ಕದು, ಕುತ್ತಿಗೆವರೆಗೆ ಎಳೆದರೂ ತಲುಪದಷ್ಟು. ಹೊರಗೆ ಬಂದ ಹೊಲಿಗೆಯ ಗೆರೆ ಮೇಲೆ ಬಿಳಿ ದಾರದಲ್ಲಿ ಸಣ್ಣ ಸಣ್ಣ ಚುಕ್ಕಿ ಹಾಕಿದೆ. ಉಲ್ಟಾ ಅನ್ನಿಸುತ್ತಿದ್ದದ್ದು ಡಿಸೈನ್ ಆಯಿತು. ಅಜ್ಜಿ ಮುಖ ಅರಳಿತು.

ಕೈಗವಸು ಬೇಕು ಅಂದರು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಕೈಗವಸು, ಕಾಲುಚೀಲದ ಒಳಗೆ ಒಂದು ಎಳೆ ದಾರ ಬಿಚ್ಚಿಕೊಂಡರೂ ಅದು ಕೂಸಿನ ಬೆರಳಿಗೆ ಸುತ್ತಿಕೊಂಡು ರಕ್ತ ಓಡಾಡದ ಹಾಗೆ ಆಗಬಹುದು. ಮೇಲಿಂದ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಕೂಸು ಅಳುತ್ತಲೇ ಇರುತ್ತದೆ. ಹೊಲಿಯುವವರೂ ಹಾಕುವವರೂ ಇದನ್ನು ತಿಳಿದಿರಲೇಬೇಕು. ಅದರ ಬದಲು ತೋಳನ್ನೇ ಒಂದು ಇಂಚು ಉದ್ದ ಬಿಟ್ಟೆ, ಬೇಕಾದಾಗ ಕೈ ಮೇಲೆ ಎಳೆದುಕೊಳ್ಳಲಿ, ಬೇಡವಾದಾಗ ಮಡಚಲಿ. ಟೋಪಿಯನ್ನೂ ಗಲ್ಲದ ಕೆಳಗೆ ದಾರ ಇಲ್ಲದೆ ಹೊಲಿದೆ, ಎರಡು ಪದರದ್ದು.

ಒಂದು ಅಂಗಿ ಮುಗಿಯುವಷ್ಟರಲ್ಲಿ ಕೈಗೆ ಲೆಕ್ಕ ಸಿಕ್ಕಿತ್ತು. ಎರಡನೆಯದು, ಮೂರನೆಯದು ಬೇಗ ಬೇಗ ಆಯಿತು. ಮಳೆಗಾಲದಲ್ಲಿ ಒಂದು ಒದ್ದೆಯಾದರೆ ಇನ್ನೊಂದು ಬೇಕೇ ಬೇಕು. ಬಸ್ಸಿನ ಹೊತ್ತಿಗೆ ಅಂಗಿ, ಟೋಪಿ ಎಲ್ಲ ಇನ್ನೊಂದು ಸಲ ಇಸ್ತ್ರಿ ಮಾಡಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಹಾಕುವ ಮೊದಲು ಬಿಸಿ ನೀರಲ್ಲಿ ಒಗೆಯಬೇಕು ಅಂತ ಹೇಳಿ ಕೊಟ್ಟೆ. ಅಜ್ಜಿ ಸೆರಗಿನ ಗಂಟು ಬಿಚ್ಚೋಕೆ ಹೋದರು. ಬೇಡ ಅಂದೆ. ಕೇಳಲಿಲ್ಲ. ಕೊನೆಗೆ ಉಳಿದ ಸೀರೆ ನನ್ನ ಹತ್ತಿರವೇ ಇರಲಿ ಅಂತ ಒಪ್ಪಂದವಾಯಿತು.

ಕೂಸು ಮನೆಗೆ ಬಂತು. ಎರಡೂವರೆ ಕೇಜಿ ದಾಟಿದ್ದು, ಕೈಕಾಲು ಬಡಿಯೋಕೆ ಶುರು ಮಾಡಿದ್ದು, ಎಲ್ಲ ಸುದ್ದಿಯೂ ಫೋನಲ್ಲಿ ಬರುತ್ತಿತ್ತು. ಮೊದಲ ಹುಟ್ಟುಹಬ್ಬಕ್ಕೆ ತಾಯಿಯೇ ಕರೆದುಕೊಂಡು ಬಂದಳು, ಫ್ರಾಕ್ ಅಳತೆಗೆ. ನನ್ನ ಟೇಪನ್ನು ಕಿತ್ತುಕೊಂಡು ಬಾಯಿಗೆ ಹಾಕಿಕೊಂಡಿತು ನಮ್ಮ ಹುಡುಗಿ. ಎದೆ ಅಳೆಯೋಕೆ ಬಿಡಬೇಕಲ್ಲ!

ಅವಳಿಗೆ ಸ್ಮಾಕಿಂಗ್ ಫ್ರಾಕ್ ಹೊಲಿದೆ. ಒಂದು ವರ್ಷದ ಹೆಣ್ಣು ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಉಡುಪು ಇಲ್ಲ ಅಂತ ನನ್ನ ಅಭಿಪ್ರಾಯ. ಎದೆಗೆ ಬೇಕಾದ ಅಗಲದ ಮೂರರಷ್ಟು ಬಟ್ಟೆ ತೆಗೆದುಕೊಂಡು, ಸಾಲಾಗಿ ಚುಕ್ಕಿ ಇಟ್ಟು, ಚುಕ್ಕಿ ಚುಕ್ಕಿಗೂ ಸೂಜಿ ಹಾಕಿ ನೆರಿಗೆ ಎಳೆದು, ಆ ನೆರಿಗೆಗಳನ್ನು ಕಸೂತಿ ದಾರದಲ್ಲಿ ಜೋಡಿ ಜೋಡಿಯಾಗಿ ಕಟ್ಟುತ್ತಾ ಹೋಗುವುದು. ಮಿಷನ್ನಲ್ಲಿ ಆಗುವ ಕೆಲಸ ಅಲ್ಲ, ಸಂಜೆಗಳೇ ಬೇಕು. ಆದರೆ ಆ ನೆರಿಗೆ ಉಸಿರಾಡಿದ ಹಾಗೆಲ್ಲ ಹಿಗ್ಗುತ್ತದೆ, ಮಗು ಬೆಳೆದ ಹಾಗೆ ತಾನೂ ಸಡಿಲಿಸುತ್ತದೆ. ಕೆಳಗೆ ಎರಡು ಟಕ್ ಹಿಡಿದಿಟ್ಟರೆ ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಬಹುದು. ಸ್ಮಾಕಿಂಗ್‌ನ ಒಳಗಡೆ ದಾರದ ಓಡಾಟ ಜಾಸ್ತಿ, ಸಣ್ಣ ಬೆರಳು, ಉಗುರು ಸಿಕ್ಕಿಕೊಳ್ಳುತ್ತವೆ. ಅದಕ್ಕೆ ಒಳಪದರ ಕೊಡಲೇಬೇಕು. ಸಡಿಲವಾಗಿ ಕತ್ತರಿಸಿ, ಅಜ್ಜಿಯ ಹಸಿರು ಸೀರೆಯನ್ನೇ ಕೊಟ್ಟೆ. ಹಾಕಿಕೊಂಡು ಅಳಲಿಲ್ಲ, ಕೇಕಿನ ಕಡೆ ತೆವಳಿಕೊಂಡು ಹೋದಳು ಅಂತ ಅವರಮ್ಮ ವಿಡಿಯೋ ಕಳಿಸಿದ್ದಳು.

ಆಗಿನಿಂದ ಬೀರುವಿನಲ್ಲಿ ಅಂಥ ಸಣ್ಣ ಅಂಗಿಗಳನ್ನು ಹೊಲಿದು ಇಟ್ಟಿರುತ್ತೇನೆ. ಹೊತ್ತಿಗೆ ಮುಂಚೆ ಹುಟ್ಟುವ ಕೂಸುಗಳು ಹೇಳಿ ಕೇಳಿ ಬರುವುದಿಲ್ಲ, ಆ ಹೊತ್ತಲ್ಲಿ ಮನೆಯವರಿಗೆ ಟೈಲರ್ ಹುಡುಕುವಷ್ಟು ಪುರುಸೊತ್ತೂ ಇರುವುದಿಲ್ಲ. ಯಾರಿಗಾದರೂ ಬೇಕಾದರೆ ಬಂದು ತೆಗೆದುಕೊಂಡು ಹೋಗಲಿ, ಕೂಲಿ ಬೇಡ. ನಮ್ಮ ಕಡೆಯವರು ಯಾರಾದರೂ ಓದುತ್ತಿದ್ದರೆ ನಿಮ್ಮ ಮನೆಯ ಹಳೆ ಹತ್ತಿ ಸೀರೆ ಕೊಡಿ, ಮಾಸಿದ್ದರೂ ಪರವಾಗಿಲ್ಲ, ಅಲ್ಲಲ್ಲಿ ಹರಿದಿದ್ದರೂ ಪರವಾಗಿಲ್ಲ, ಹುಷಾರಾಗಿ ಬಿಡಿಸಿ ಕತ್ತರಿಸುತ್ತೇನೆ. ಪಾಲಿಯೆಸ್ಟರ್ ಸೇರಿದ್ದು ಮಾತ್ರ ಬೇಡ. ಗಂಜಿ ಹಾಕದೆ ಒಗೆದು ತಂದರೆ ಸಾಕು.